ಮಸಿಯ ಹದ, ನೀರಿನ ಹುಳಿ

ಮೂಗೂರಿನಲ್ಲಿ ಹೊಸದಾಗಿ ಮನೆ ತುಂಬುವ ಸೊಸೆಗೆ ಎತ್ತುವ ಕೆಂಪಾರತಿಯ ನೀರನ್ನು ಸಿದ್ಧಪಡಿಸುವುದು ಹೇಗೆಂದು ತಿ. ನರಸೀಪುರ, ನಂಜನಗೂಡು ಸೀಮೆಯ ಯಾವ ಗೃಹಿಣಿಗೂ ಹೇಳಿಕೊಡಬೇಕಾಗಿಲ್ಲ. ತಟ್ಟೆಯ ನೀರಿಗೆ ಚಿಟಿಕೆ ಅರಿಶಿನ, ಅದರ ಮೇಲೆ ಕಡಲೆಕಾಳಿನಷ್ಟು ಸುಣ್ಣ. ಬೆರಳಾಡಿಸಿದ ಕೂಡಲೇ ಹಳದಿ ನೀರು ಕೆಂಪಾಗುತ್ತದೆ. ಅದೇ ನೀರಿಗೆ ನಿಂಬೆಹಣ್ಣು ಹಿಂಡಿದರೆ ಕೆಂಪು ಓಡಿಹೋಗಿ ಮತ್ತೆ ಹಳದಿ ಬರುತ್ತದೆ. ಹೊಸ ಬಣ್ಣವನ್ನು ಯಾರೂ ಸೇರಿಸಲಿಲ್ಲ, ಇದ್ದುದನ್ನು ತೆಗೆಯಲೂ ಇಲ್ಲ. ಬದಲಾದದ್ದು ನೀರಿನ ಗುಣ ಮಾತ್ರ. ಸುಣ್ಣ ನೀರನ್ನು ಕ್ಷಾರಗೊಳಿಸಿತು, ನಿಂಬೆ ಆಮ್ಲಗೊಳಿಸಿತು. ಅರಿಶಿನದೊಳಗಿನ ಬಣ್ಣದ ವಸ್ತು ಅದಕ್ಕೆ ತಕ್ಕಂತೆ ವೇಷ ಬದಲಿಸಿತು.

ಇದೇ ಅಡುಗೆಮನೆಯಲ್ಲಿ ಇನ್ನೊಂದು ಪಾಠವೂ ಉಂಟು. ದೋಸೆ ಹಿಟ್ಟು ಗಟ್ಟಿಯಾದರೆ ಕಾವಲಿಯ ಮೇಲೆ ಹರಡುವುದಿಲ್ಲ, ನೀರಾದರೆ ನಿಲ್ಲುವುದಿಲ್ಲ. ‘ಹದ’ ಎಂಬ ಒಂದೇ ಮಾತಿನಲ್ಲಿ ಮನೆಯವರು ಹೇಳಿ ಮುಗಿಸುವ ಈ ಗುಣಕ್ಕೆ ವಿಜ್ಞಾನ ಪುಸ್ತಕಗಳಲ್ಲಿ ‘ಸ್ನಿಗ್ಧತೆ’ ಎಂಬ ಹೆಸರಿದೆ. ದ್ರವವೊಂದು ಹರಿಯಲು ಎಷ್ಟು ಮೊಂಡಾಟ ಮಾಡುತ್ತದೆ ಎಂಬುದರ ಅಳತೆ ಅದು.

ಹದ ಮತ್ತು ಹುಳಿ, ಇವೆರಡರ ಮೇಲೆಯೇ ಕನ್ನಡದಲ್ಲಿ ಅಚ್ಚಾದ ಪ್ರತಿ ಪುಟದ, ಪ್ರತಿ ಚಿತ್ರದ, ಪ್ರತಿ ಪೊಟ್ಟಣದ ಬಣ್ಣ ನಿಂತಿದೆ. ಆದರೂ ನಮ್ಮ ಮುದ್ರಣದ ಚರಿತ್ರೆಯನ್ನು ಪಾದ್ರಿಗಳ, ಪಂಡಿತರ, ಅಚ್ಚುಮೊಳೆಗಳ ಚರಿತ್ರೆಯಾಗಿ ಬರೆಯುವುದೇ ರೂಢಿ. ಮೊಳೆಗೂ ಕಾಗದಕ್ಕೂ ನಡುವೆ ಇದ್ದ ಮಸಿಯ ಮಾತನ್ನು ಎತ್ತುವವರು ಕಡಿಮೆ. ಪುಟ ಚೆನ್ನಾಗಿ ಬಂದರೆ ಹೊಗಳಿಕೆ ಮೊಳೆ ಕೊರೆದವನಿಗೆ, ಕೆಟ್ಟರೆ ಬೈಗುಳ ಮಸಿ ಹಚ್ಚಿದವನಿಗೆ!

ಅಚ್ಚು ಬರುವ ಮೊದಲೂ ನಾಡಿನಲ್ಲಿ ಮಸಿ ಇತ್ತು. ಓಲೆಗರಿಯ ಮೇಲೆ ಕಂಠದಿಂದ ಅಕ್ಷರ ಕೊರೆದು, ಗೀರುಗಳೊಳಗೆ ದೀಪದ ಕಾಡಿಗೆಯನ್ನು ತಿಕ್ಕಿ ಒರೆಸುತ್ತಿದ್ದರು. ಲೆಕ್ಕಪತ್ರದ ಕಡತಕ್ಕೆ ಬಟ್ಟೆಯ ಮೇಲೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು, ಕಪ್ಪಾದ ಹಾಳೆಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕಾಗದದ ಬರವಣಿಗೆಗೆ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿದ ಮಸಿಯೂ ಬಳಕೆಯಲ್ಲಿತ್ತು. ಇವುಗಳ ನಡುವಿನ ವ್ಯತ್ಯಾಸ ಸಣ್ಣದಲ್ಲ. ಕಾಡಿಗೆ ಎಂದರೆ ಇಂಗಾಲ. ಹುಳಿಗೂ ಜಗ್ಗುವುದಿಲ್ಲ, ಸುಣ್ಣಕ್ಕೂ ಜಗ್ಗುವುದಿಲ್ಲ, ಬಿಸಿಲಿಗೂ ಮಾಸುವುದಿಲ್ಲ. ಅನ್ನಭೇದಿಯ ಮಸಿಯಾದರೋ ಆಮ್ಲೀಯ. ಬರೆದಾಗ ತಿಳಿಯಾಗಿದ್ದು, ಗಾಳಿಗೆ ಒಡ್ಡಿಕೊಂಡು ಕಪ್ಪಾಗಿ, ಕಾಲಕ್ರಮದಲ್ಲಿ ಕಂದಾಗುತ್ತದೆ. ತಾನು ಕೂತ ಕಾಗದವನ್ನೇ ನಿಧಾನವಾಗಿ ತಿನ್ನುತ್ತದೆ. ಹಳೆಯ ದಸ್ತಾವೇಜುಗಳಲ್ಲಿ ಅಕ್ಷರವಿದ್ದ ಕಡೆಯೇ ಕಾಗದ ತೂತಾಗಿರುವುದು ಗೆದ್ದಲಿನ ಕೆಲಸವೇ ಆಗಿರಬೇಕೆಂದಿಲ್ಲ.

ಕಲ್ಲಿನ ಮೇಲೆ ಕನ್ನಡ

ಕನ್ನಡ ಅಕ್ಷರಗಳು ಸೀಸದ ಮೊಳೆಯಲ್ಲಿ ಮೊದಲು ಕಾಣಿಸಿಕೊಂಡದ್ದು ದೂರದ ಬಂಗಾಳದಲ್ಲಿ. ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾಯಿತು. ಆದರೆ ನಮ್ಮ ಮೊದಲ ಪತ್ರಿಕೆಯ ಕತೆಯಲ್ಲಿ ಮೊಳೆಗೆ ಮೊದಲ ಸ್ಥಾನವಿಲ್ಲ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಿನಿಂದ ಅಚ್ಚಾದ ಪತ್ರಿಕೆ. ಜುಲೈ 1 ಇಂದು ಪತ್ರಿಕಾ ದಿನಾಚರಣೆಯಾಗಿರುವುದು ಆ ಕಾರಣಕ್ಕೇ. ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಹೂಡಿದ ಅಚ್ಚುಕೂಟ ಆಗ ಕಲ್ಲಚ್ಚಿನದು. ಇತ್ತ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಅರಮನೆಯ ಅಂಬಾವಿಲಾಸ ಅಚ್ಚುಕೂಟದಲ್ಲೂ ಕಲ್ಲಚ್ಚೇ ನಡೆಯುತ್ತಿತ್ತು.

ಕಲ್ಲಚ್ಚು ಎಂದರೆ ಕಲ್ಲನ್ನು ಕೆತ್ತುವುದು ಎಂದು ಹಲವರು ಭಾವಿಸುವುದುಂಟು. ಹಾಗಲ್ಲ. ಇದು ಪೂರ್ತಿಯಾಗಿ ರಸಾಯನದ ಆಟ. ಜರ್ಮನಿಯ ಮ್ಯೂನಿಕ್‌ನಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಎಂಬ ನಾಟಕಕಾರ ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚು ಹಾಕಿಸುವ ದಾರಿ ಹುಡುಕುತ್ತಾ 18ನೇ ಶತಮಾನದ ಕೊನೆಯ ವರ್ಷಗಳಲ್ಲಿ ಇದನ್ನು ಕಂಡುಕೊಂಡ. ಅಗಸಗಿತ್ತಿಗೆ ಕೊಡುವ ಬಟ್ಟೆಗಳ ಪಟ್ಟಿ ಬರೆಯಲು ಕಾಗದ ಸಿಗದೆ ಕೈಗೆ ಸಿಕ್ಕ ಕಲ್ಲಿನ ಮೇಲೆ ಬರೆದನೆಂದೂ ಅದೇ ಈ ಕಲೆಗೆ ನಾಂದಿಯಾಯಿತೆಂದೂ ಅವನೇ ಹೇಳಿಕೊಂಡಿದ್ದಾನೆ.

ಕೆಲಸ ನಡೆಯುವ ಬಗೆ ಹೀಗೆ. ನುಣುಪಾದ ಸುಣ್ಣಕಲ್ಲಿನ ಮೇಲೆ ಮೇಣ, ಕೊಬ್ಬು, ಸಾಬೂನು, ಕಾಡಿಗೆ ಸೇರಿದ ಜಿಡ್ಡು ಮಸಿಯಿಂದ ಬರೆಯುತ್ತಾರೆ. ಬಳಿಕ ಅರಬ್ಬಿ ಗೋಂದಿನ ನೀರಿಗೆ ತುಸು ನೈಟ್ರಿಕ್ ಆಮ್ಲ ಬೆರೆಸಿ ಕಲ್ಲಿನ ಮೇಲೆಲ್ಲ ಹಚ್ಚುತ್ತಾರೆ. ಸುಣ್ಣಕಲ್ಲಿಗೆ ಆಮ್ಲ ತಗುಲಿದರೆ ಸಣ್ಣಗೆ ನೊರೆ ಏಳುತ್ತದೆ. ಬರಹವಿಲ್ಲದ ಭಾಗ ಗೋಂದನ್ನು ಕಚ್ಚಿಕೊಂಡು ನೀರನ್ನು ಪ್ರೀತಿಸಲು ಕಲಿಯುತ್ತದೆ. ಬರೆದ ಭಾಗ ಜಿಡ್ಡನ್ನೇ ನೆಚ್ಚಿಕೊಂಡು ಉಳಿಯುತ್ತದೆ. ಒದ್ದೆ ಬಟ್ಟೆಯಿಂದ ಕಲ್ಲನ್ನು ಒರೆಸಿ ಎಣ್ಣೆಮಸಿಯ ರೋಲರ್ ಉರುಳಿಸಿದರೆ ಮಸಿ ಅಕ್ಷರಕ್ಕಷ್ಟೇ ಅಂಟುತ್ತದೆ. ಮೇಲೆ ಕಾಗದವಿಟ್ಟು ಒತ್ತಿದರೆ ಪುಟ ಸಿದ್ಧ. ಒಂದೇ ಸಮತಲದ ಕಲ್ಲಿನಲ್ಲಿ ಎಣ್ಣೆಗೂ ನೀರಿಗೂ ಇರುವ ಹಗೆತನವೇ ಇಲ್ಲಿ ಮೊಳೆಯ ಕೆಲಸ ಮಾಡುತ್ತದೆ.

ಆಮ್ಲದ ಪಾತ್ರ ಎಷ್ಟು ನಾಜೂಕಿನದೆಂದರೆ, ಅದು ಹೆಚ್ಚಾದರೆ ಅಕ್ಷರದ ಸಣ್ಣ ಗೆರೆಗಳೂ ತಿಂದುಹೋಗಿ ಬರಹ ಮುರಿದು ಮುರಿದು ಕಾಣುತ್ತದೆ. ಕಡಿಮೆಯಾದರೆ ಖಾಲಿ ಜಾಗವೂ ಮಸಿ ಹಿಡಿದು ಪುಟವೆಲ್ಲ ಬೂದಿ ಎರಚಿದಂತಾಗುತ್ತದೆ. ಅಳೆಯಲು ಉಪಕರಣವಿರಲಿಲ್ಲ. ನೊರೆ ಎಷ್ಟು ಜೋರಾಗಿ ಏಳುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದನ್ನು ನೋಡಿಯೇ ಕೆಲಸಗಾರ ತೀರ್ಮಾನಿಸಬೇಕಿತ್ತು.

ಮಸಿಯ ಹದದ್ದು ಇನ್ನೊಂದು ಪಾಡು. ಅಂದಿನ ಅಚ್ಚಿನ ಮಸಿ ಎಂದರೆ ಕಾಡಿಗೆಯನ್ನು ಕುದಿಸಿದ ಅಗಸೆಬೀಜದ ಎಣ್ಣೆಯಲ್ಲಿ ಅರೆದದ್ದು. ಎಣ್ಣೆ ಕುದಿದಷ್ಟೂ ಮಂದವಾಗುತ್ತದೆ, ಬೆರಳಿಗೆ ತಗುಲಿಸಿ ಎಳೆದರೆ ನೂಲು ಬರುತ್ತದೆ. ಅದೇ ಮಸಿ ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಸಡಿಲವಾಗುತ್ತದೆ, ಮೈಸೂರಿನ ಮಾಗಿಯ ಬೆಳಗಿನಲ್ಲಿ ಬಿಗಿಯುತ್ತದೆ. ರೋಮನ್ ಲಿಪಿಗಿಂತ ಕನ್ನಡಕ್ಕೆ ಇದರ ಪೆಟ್ಟು ಹೆಚ್ಚು ಎನ್ನಬೇಕು. ನಮ್ಮ ಅಕ್ಷರಗಳೆಲ್ಲ ದುಂಡು. ಹೊಟ್ಟೆಯೊಳಗೆ ಸಣ್ಣ ಕಿಂಡಿಗಳು. ‘ರ’ಕಾರದ ಒಳಗೆ ಒಂದು ಚುಕ್ಕೆ ಬಿದ್ದರೆ ಅದು ‘ಠ’. ‘ಪ’ಕ್ಕೂ ‘ಫ’ಕ್ಕೂ, ‘ಬ’ಕ್ಕೂ ‘ಭ’ಕ್ಕೂ ಇರುವ ಅಂತರ ಕೆಳಗಿನ ಒಂದು ಸೀಳು. ಮಸಿ ನೀರಾಗಿ ಹರಡಿತೆಂದರೆ ಕಿಂಡಿ ಮುಚ್ಚುತ್ತದೆ, ಒತ್ತಕ್ಷರ ಮೇಲಿನ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ, ಓದುಗ ತಡವರಿಸುತ್ತಾನೆ. ಮಸಿ ಮಂದವಾಯಿತೆಂದರೆ ಕಾಗದದ ಎಳೆಯನ್ನೇ ಕಿತ್ತುಕೊಂಡು ಬರುತ್ತದೆ, ಅಕ್ಷರದ ಮೈಯಲ್ಲಿ ಬಿಳಿ ಗುಳಿ ಬೀಳುತ್ತದೆ.

‘ಮಂಗಳೂರ ಸಮಾಚಾರ’ ಮಂಗಳೂರಿನಲ್ಲಿ ಒಂದು ವರ್ಷವನ್ನೂ ಪೂರೈಸಲಿಲ್ಲ. 1844ರಲ್ಲಿ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಮೊಳೆಯಚ್ಚಿಗೆ ಬದಲಾಯಿತು. ಆದರೆ ಮಂಗಳೂರಿನ ಕಲ್ಲುಗಳು ಸುಮ್ಮನಾಗಲಿಲ್ಲ. ಮೊಗ್ಲಿಂಗ್ 1848ರಿಂದ ಹೊರತಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳಂಥ ಕೃತಿಗಳು ಓಲೆಗರಿಯಿಂದ ಇಳಿದು ಕಲ್ಲಚ್ಚಿನ ಪುಟ ಸೇರಿದವು. ಕೈಬರಹದ ಚೆಲುವನ್ನು ಹಾಗೆಯೇ ಉಳಿಸಿಕೊಂಡ ಆ ಪುಟಗಳ ಕಪ್ಪು, ಕಾಡಿಗೆಯ ಕಪ್ಪು.

ಕಾಕತಾಳೀಯವೊಂದನ್ನು ಇಲ್ಲಿ ಹೇಳಲೇಬೇಕು. ಮಂಗಳೂರಿನಲ್ಲಿ ಕಲ್ಲಚ್ಚು ಆರಂಭವಾದ ಅದೇ 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಪ್ವಾಸೆಯ್ ಎಂಬ ವೈದ್ಯ, ಸಣ್ಣ ರಕ್ತನಾಳಗಳಲ್ಲಿ ನೆತ್ತರು ಹರಿಯುವ ಬಗೆಯನ್ನು ಅರಿಯಲು ಕೂದಲೆಳೆಯಂಥ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ನೋಡುತ್ತಿದ್ದ. ಸ್ನಿಗ್ಧತೆಯ ಅಳತೆಗೆ ‘ಪಾಯ್ಸ್’ ಎಂಬ ಹೆಸರು ಬಂದದ್ದು ಅವನಿಂದ. ಹುಳಿಯ ಅಳತೆ ಬಂದದ್ದು ಬಿಯರ್‌ನಿಂದ! ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿದ್ದ ಸೋರೆನ್‌ಸೆನ್ 1909ರಲ್ಲಿ ಪಿಎಚ್ ಎಂಬ ಮಾಪಕವನ್ನು ಸೂಚಿಸಿದ. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಶಾಮಶಾಸ್ತ್ರಿಗಳು ಓಲೆಗರಿಯಲ್ಲಿ ಸಿಕ್ಕ ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಅಚ್ಚಿನಲ್ಲಿ ಪ್ರಕಟಿಸಿದ್ದೂ 1909ರಲ್ಲೇ. ಪಿಎಚ್ ಮಾಪಕದಲ್ಲಿ 7 ಎಂದರೆ ತಟಸ್ಥ. ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ಒಂದು ಅಂಕಿ ಕೆಳಗಿಳಿದರೆ ಆಮ್ಲೀಯತೆ ಹತ್ತು ಪಟ್ಟು ಏರಿತೆಂದು ಅರ್ಥ. ಆರತಿ ತಟ್ಟೆಯ ಅರಿಶಿನ ಕೆಂಪಾಗತೊಡಗುವುದು ಸುಮಾರು 8ರ ಆಸುಪಾಸಿನಲ್ಲಿ.

ಬಣ್ಣಕ್ಕೊಂದು ಕಲ್ಲು

ಕಪ್ಪಿನಲ್ಲಿ ತಪ್ಪಿದರೆ ಅಕ್ಷರ ಕೆಡುತ್ತದೆ. ಬಣ್ಣದಲ್ಲಿ ತಪ್ಪಿದರೆ ದೇವರ ಮುಖವೇ ಕೆಡುತ್ತದೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದು ಲಕ್ಷ್ಮಿ, ಸರಸ್ವತಿಯರನ್ನು ಮನೆಮನೆಗೆ ಕಳುಹಿಸಿದ. ಅವನ ಮೂಲ ಚಿತ್ರಗಳನ್ನು ನೋಡಲು ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಬೇಕು. ಅಚ್ಚಾದ ಪಟಗಳು ಮಾತ್ರ ಹಳ್ಳಿಯ ದೇವರ ಗೂಡುಗಳನ್ನೂ ಸೇರಿದವು. ಅವೂ ಕಲ್ಲಚ್ಚೇ, ಆದರೆ ಬಣ್ಣಕ್ಕೊಂದು ಕಲ್ಲು. ಹಳದಿಯ ಕಲ್ಲು, ಕೆಂಪಿನ ಕಲ್ಲು, ನೀಲಿಯ ಕಲ್ಲು, ಮೈಬಣ್ಣಕ್ಕೆ ಮತ್ತೆರಡು, ಹೀಗೆ ಒಂದರ ಮೇಲೊಂದು ಒತ್ತುತ್ತಾ ಹೋಗಬೇಕು.

ಇಲ್ಲಿ ಹದಕ್ಕೆ ಹೊಸ ಅರ್ಥ ಬಂತು. ಮೊದಲು ಬಿದ್ದ ಮಸಿಗಿಂತ ಅದರ ಮೇಲೆ ಬೀಳುವ ಮಸಿಯ ಅಂಟು ತುಸು ಕಡಿಮೆ ಇರಬೇಕು. ಇಲ್ಲದಿದ್ದರೆ ಎರಡನೆಯದು ಕೂರುವ ಬದಲು ಮೊದಲನೆಯದನ್ನೇ ಎತ್ತಿಕೊಂಡು ಹೋಗುತ್ತದೆ. ಹಳದಿಯ ಮೇಲೆ ನೀಲಿ ಸರಿಯಾಗಿ ಕೂತರೆ ಹಸಿರು ಸೀರೆ. ಕೂರದಿದ್ದರೆ ಅಲ್ಲಲ್ಲಿ ಹಳದಿ ಇಣುಕುವ ಮಾಸಲು ಬಟ್ಟೆ. ನಾಲ್ಕು ಬಣ್ಣದ ಯಂತ್ರಗಳಲ್ಲಿ ಇಂದೂ ಇದೇ ನಿಯಮ. ಯಾವ ಬಣ್ಣ ಮೊದಲು, ಯಾವುದು ಕೊನೆಗೆ ಎಂಬುದನ್ನು ಮಸಿಯ ಅಂಟಿನ ಕ್ರಮಕ್ಕೆ ಹೊಂದಿಸುತ್ತಾರೆ.

ಅಚ್ಚಾದ ಮೇಲೂ ಬಣ್ಣಕ್ಕೆ ನೆಮ್ಮದಿಯಿಲ್ಲ. ಮೈಸೂರಿನಲ್ಲಿ 1916ರಲ್ಲಿ ಶ್ರೀಗಂಧದ ಎಣ್ಣೆಯ ಕಾರ್ಖಾನೆ, ಅದರ ಬೆನ್ನಿಗೆ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ತಲೆಯೆತ್ತಿ ಮೈಸೂರು ಸ್ಯಾಂಡಲ್ ಸಾಬೂನು ಪ್ರಸಿದ್ಧವಾಯಿತಷ್ಟೆ. ಅಂಥ ಯಾವುದೇ ಸಾಬೂನಿನ ಹೊದಿಕೆ ಅಚ್ಚು ಹಾಕುವವನಿಗೆ ಕಾಡುವ ಪ್ರಶ್ನೆ ಒಂದೇ. ಸಾಬೂನು ಸ್ವಭಾವತಃ ಕ್ಷಾರ. ಒದ್ದೆಯಾದರೆ ಪಿಎಚ್ 9, 10ರ ಸುತ್ತ ಇರುತ್ತದೆ. ಪ್ರಷ್ಯನ್ ನೀಲಿ ಎಂಬ ಸುಂದರವಾದ, ಅಗ್ಗದ ನೀಲಿಯನ್ನು ಅಲ್ಲಿ ಬಳಸಿದರೆ ಅಂಗಡಿಯ ಕಪಾಟಿನಲ್ಲೇ ಅದು ಕಂದಾಗಿ ಕೂರುತ್ತದೆ. ‘ಆಲ್ಕಲಿ ಬ್ಲೂ’ ಎಂಬ ಇನ್ನೊಂದು ನೀಲಿಯಿದೆ. ಹೆಸರಿನಲ್ಲೇ ಕ್ಷಾರವಿದ್ದರೂ ಕ್ಷಾರವನ್ನು ತಾಳುವ ಶಕ್ತಿ ಅದಕ್ಕಿಲ್ಲ! ಹಾಗಾಗಿ ಸಾಬೂನಿನ ಹೊದಿಕೆಗೆ ಹಾಕುವ ಮಸಿಯನ್ನು ಮೊದಲು ಕ್ಷಾರದಲ್ಲಿ ನೆನೆಸಿ ಪರೀಕ್ಷಿಸುತ್ತಾರೆ.

ಮೊಳೆಯಚ್ಚಿನ ಯುಗದಲ್ಲಿ ಸಣ್ಣ ಪಟ್ಟಣಗಳ ಟ್ರೆಡಲ್ ಮುದ್ರಣಾಲಯಗಳಿಗೆ ಇಷ್ಟೆಲ್ಲ ರಗಳೆ ಇರಲಿಲ್ಲ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸೊಸೈಟಿಯ ರಸೀದಿ ಪುಸ್ತಕ ಅವರ ಮುಖ್ಯ ಕೆಲಸ. ಮಸಿ ಗಟ್ಟಿಯೆನಿಸಿದರೆ ಎರಡು ಹನಿ ಸೀಮೆಎಣ್ಣೆ, ಸಡಿಲವೆನಿಸಿದರೆ ಡಬ್ಬಿಯ ಗಟ್ಟಿ ಮಸಿ ಇನ್ನಷ್ಟು. ಬೆರಳ ತುದಿಗೆ ಮಸಿ ತೆಗೆದು ಹೆಬ್ಬೆರಳಿನಿಂದ ತಟ್ಟಿ, ಎಳೆ ಎಷ್ಟು ಉದ್ದ ಬರುತ್ತದೆಂದು ನೋಡಿದರೆ ಪರೀಕ್ಷೆ ಮುಗಿಯಿತು. ಪಾಯ್ಸ್ ಎಂದರೇನೆಂದು ಗೊತ್ತಿಲ್ಲದೆಯೂ ಆ ಬೆರಳುಗಳು ತಪ್ಪು ಹೇಳುತ್ತಿದ್ದದ್ದು ಅಪರೂಪ.

ಆದರೆ ಅದೇ ಕಾಲ ನಮಗೆ ದೊಡ್ಡ ನಷ್ಟವೊಂದನ್ನು ಬಿಟ್ಟುಹೋಗಿದೆ. 19ನೇ ಶತಮಾನದ ಉತ್ತರಾರ್ಧದಿಂದ ಮರದ ತಿರುಳಿನ ಅಗ್ಗದ ಕಾಗದ ಎಲ್ಲೆಡೆ ಹರಡಿತು. ಮಸಿ ಹೀರಿ ಹರಡದಂತೆ ಅದಕ್ಕೆ ರಾಳ ಮತ್ತು ಸ್ಫಟಿಕ ಸೇರಿಸುತ್ತಿದ್ದರು. ಸ್ಫಟಿಕವೆಂದರೆ ಆಮ್ಲ. ಕಾಗದದ ಪಿಎಚ್ 5ಕ್ಕೂ ಕೆಳಗಿಳಿಯುತ್ತಿತ್ತು. ಅಂದು ಅಕ್ಷರ ಚೊಕ್ಕವಾಗಿ ಬಂದದ್ದು ನಿಜ; ಆದರೆ ಆ ಆಮ್ಲ ನಾರನ್ನು ತಿನ್ನುತ್ತಲೇ ಇತ್ತು. ಕನ್ನಡದ ನವೋದಯ ಕಾಲದ ಎಷ್ಟೋ ಪುಸ್ತಕಗಳು, ಪತ್ರಿಕೆಗಳ ಹಳೆಯ ಸಂಪುಟಗಳು ಗ್ರಂಥಾಲಯಗಳಲ್ಲಿ ಇಂದು ಹಪ್ಪಳದಂತೆ ಮುರಿಯುತ್ತಿರುವುದಕ್ಕೆ ಹುಳುವಿಗಿಂತ ಹುಳಿಯೇ ಹೆಚ್ಚು ಕಾರಣ. ವಿಚಿತ್ರವೆಂದರೆ ಅಕ್ಷರದ ಕಪ್ಪು ಹಾಗೆಯೇ ಇದೆ. ಮಸಿ ಉಳಿಯಿತು, ಕಾಗದ ಹೋಯಿತು. ಇಂಥ ಹಾಳೆಗಳನ್ನು ತಿಳಿಯಾದ ಸುಣ್ಣದ ನೀರಿನಲ್ಲಿ ಅಥವಾ ಮೆಗ್ನೀಸಿಯಂ ದ್ರಾವಣದಲ್ಲಿ ಅದ್ದಿ ಆಮ್ಲವನ್ನು ತಣಿಸುವ ವಿಧಾನವಿದೆ. ಒಂದೊಂದೇ ಹಾಳೆ ಬಿಡಿಸಿ, ಅದ್ದಿ, ಒಣಗಿಸಿ, ಮತ್ತೆ ಹೊಲಿಯಬೇಕು. ಇದರಿಂದ ಮುಂದಿನ ಕ್ಷಯ ನಿಧಾನವಾಗುತ್ತದೆಯೇ ಹೊರತು ಈಗಾಗಲೇ ಹೋದ ಗಟ್ಟಿತನ ಮರಳಿ ಬರುವುದಿಲ್ಲ.

ಪತ್ರಿಕೆ, ಪೆಟ್ಟಿಗೆ, ನೋಟು

ಕಲ್ಲಚ್ಚು ಸತ್ತಿತು ಎಂದು ಹಲವರ ತಿಳಿವಳಿಕೆ. ವಾಸ್ತವವಾಗಿ ಓದುಗರು ಬೆಳಗ್ಗೆ ಕೈಗೆತ್ತಿಕೊಳ್ಳುವ ದಿನಪತ್ರಿಕೆಯೇ ಅದರ ಮರುಜನ್ಮ. ಕಲ್ಲಿನ ಬದಲು ತೆಳುವಾದ ಅಲ್ಯೂಮಿನಿಯಂ ಪ್ಲೇಟು ಬಂತು. ಪ್ಲೇಟಿನಿಂದ ರಬ್ಬರ್ ಹೊದಿಕೆಗೆ, ಅಲ್ಲಿಂದ ಕಾಗದಕ್ಕೆ ಚಿತ್ರ ಇಳಿಯುತ್ತದೆ. ಅಮೆರಿಕದ ಐರಾ ರೂಬೆಲ್ 20ನೇ ಶತಮಾನದ ಆರಂಭದಲ್ಲಿ, ಯಂತ್ರಕ್ಕೆ ಕಾಗದ ಕೊಡುವುದು ತಪ್ಪಿದಾಗ ರಬ್ಬರಿನ ಮೇಲೆ ಬಿದ್ದ ಅಚ್ಚು ಮುಂದಿನ ಹಾಳೆಯ ಹಿಂಬದಿಯಲ್ಲಿ ಹೆಚ್ಚು ಸ್ಫುಟವಾಗಿ ಮೂಡಿದ್ದನ್ನು ಕಂಡು ಈ ‘ಆಫ್‌ಸೆಟ್’ ವಿಧಾನವನ್ನು ರೂಪಿಸಿದನೆಂದು ಹೇಳುತ್ತಾರೆ. ಕನ್ನಡದ ದಿನಪತ್ರಿಕೆಗಳು ಒಂದೊಂದಾಗಿ ಇದಕ್ಕೆ ಹೊರಳಿದ್ದು ಮುಖ್ಯವಾಗಿ 1980ರ ದಶಕದಲ್ಲಿ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯಲ್ಲಿ ಸುದ್ದಿಕಾಗದ ತಯಾರಾಗುತ್ತಿದ್ದ ದಿನಗಳೂ ಅವೇ. ಆ ಕಾರ್ಖಾನೆ ಈಗ ಮುಚ್ಚಿದೆ.

ಮೊಗ್ಲಿಂಗನ ಕಲ್ಲಿಗೆ ಗೋಂದು, ಆಮ್ಲ ಹಚ್ಚುತ್ತಿದ್ದಂತೆ ಆಫ್‌ಸೆಟ್ ಪ್ಲೇಟಿಗೂ ಗೋಂದು ಬೆರೆತ ಹುಳಿನೀರು ಎಡೆಬಿಡದೆ ಹರಿಯುತ್ತಿರಬೇಕು. ಅದರ ಪಿಎಚ್ ಸಾಮಾನ್ಯವಾಗಿ 4.5ರಿಂದ 5.5ರೊಳಗೆ ಇರಬೇಕೆಂಬುದು ಮುದ್ರಕರ ಲೆಕ್ಕ. ತಟಸ್ಥ ಅಥವಾ ತುಸು ಕ್ಷಾರದ ನೀರಿನಲ್ಲಿ ನಡೆಯುವ ಪತ್ರಿಕಾ ಯಂತ್ರಗಳೂ ಉಂಟು. ಮುಖ್ಯವಾದದ್ದು ಅಂಕಿ ಅತ್ತಿತ್ತ ಓಲಾಡದಿರುವುದು. ಹುಳಿ ಹೆಚ್ಚಾದರೆ ಮಸಿ ಒಣಗುವುದೇ ಇಲ್ಲ. ಒಣಗಿಸಲೆಂದು ಮಸಿಗೆ ಸೇರಿಸಿದ ಲೋಹದ ಲವಣಗಳನ್ನು ಆಮ್ಲ ನಿಷ್ಕ್ರಿಯಗೊಳಿಸುತ್ತದೆ. ಹುಳಿ ಕಡಿಮೆಯಾದರೆ ಬಿಳಿ ಜಾಗಕ್ಕೆ ಬಣ್ಣದ ಮಂಜು ಕವಿಯುತ್ತದೆ. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರು ಇಲ್ಲಿ ಬಹಳ ತೊಂದರೆ ಕೊಡುತ್ತದೆ. ಅದರಲ್ಲಿ ಕರಗಿದ ಸುಣ್ಣದ ಅಂಶ ಆಮ್ಲವನ್ನು ನುಂಗುತ್ತದೆ, ಮಸಿಯ ಎಣ್ಣೆಯೊಡನೆ ಸೇರಿ ರೋಲರ್ ಮೇಲೆ ಹೊಳಪಿನ ಪೊರೆ ಕಟ್ಟುತ್ತದೆ. ಪೊರೆ ಕಟ್ಟಿದ ರೋಲರ್ ಮಸಿ ಹಿಡಿಯುವುದಿಲ್ಲ. ಸ್ನಾನದ ಬಕೀಟಿನಲ್ಲಿ ಸಾಬೂನು ನೊರೆ ಬಾರದೆ ಒಡೆದಂತಾಗುವುದನ್ನು ಕಂಡವರಿಗೆ ಇದು ಹೊಸದಲ್ಲ. ಅದಕ್ಕೇ ಎಚ್ಚರದ ಮುದ್ರಣಾಲಯಗಳು ನೀರನ್ನು ಮೊದಲು ಮೃದುಗೊಳಿಸಿ ಬಳಸುತ್ತವೆ.

ಪತ್ರಿಕೆಯ ಬಣ್ಣದ ಚಿತ್ರವೆಂದರೆ ಭೂತಗನ್ನಡಿಯಲ್ಲಿ ಕಾಣುವ ಸಾವಿರಾರು ಚುಕ್ಕೆಗಳು: ನೀಲಿ, ಕಡುಗೆಂಪು, ಹಳದಿ, ಕಪ್ಪು. ಮಸಿ ತೆಳುವಾದರೆ ಚುಕ್ಕೆ ಹಿಗ್ಗುತ್ತದೆ. ನೀಲಿಯ ಚುಕ್ಕೆ ಮಾತ್ರ ಹಿಗ್ಗಿತೆನ್ನಿ, ಗೆದ್ದು ನಗುತ್ತಿರುವ ಕ್ರಿಕೆಟಿಗ ವಿಷ ಕುಡಿದವನಂತೆ ಕಾಣುತ್ತಾನೆ. ಸುದ್ದಿಕಾಗದದ ಕಪ್ಪು ಮಸಿ ಒಣಗುವುದಿಲ್ಲ, ಕಾಗದದೊಳಗೆ ಇಂಗುತ್ತದೆ, ಅಷ್ಟೆ. ಓದಿ ಮುಗಿಸುವ ಹೊತ್ತಿಗೆ ಬೆರಳು ಕಪ್ಪಾಗುವುದರ ರಹಸ್ಯ ಇದು.

ಸ್ನಿಗ್ಧತೆಯ ಅಂಕಿಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಬಹುದು. ಪಾಯ್ಸ್‌ನ ನೂರನೆಯ ಒಂದು ಭಾಗ ಸೆಂಟಿಪಾಯ್ಸ್. ನೀರಿನದು ಸುಮಾರು 1. ಕಂಪ್ಯೂಟರಿನ ಇಂಕ್‌ಜೆಟ್ ಮಸಿಯದು ಹತ್ತರ ಆಸುಪಾಸು. ರಟ್ಟಿನ ಪೆಟ್ಟಿಗೆಯ ಮೇಲೆ ಅಚ್ಚು ಹಾಕುವ ‘ಫ್ಲೆಕ್ಸೊ’ ಮಸಿಯದು ನೂರರ ಲೆಕ್ಕದಲ್ಲಿ. ಆಫ್‌ಸೆಟ್ ಮಸಿಯದು ಸಾವಿರಗಳನ್ನು ದಾಟಿ ಹತ್ತಾರು ಸಾವಿರಕ್ಕೂ ಹೋಗುತ್ತದೆ. ಅದು ಜೇನುತುಪ್ಪಕ್ಕೂ ಮಂದ.

ನಂಜನಗೂಡಿನ ಕಡೆ ತಿರುಗಿದರೆ ಈ ಫ್ಲೆಕ್ಸೊ ಎದುರಾಗುತ್ತದೆ. ಚಿಕ್ಕಯ್ಯನ ಛತ್ರದ ಬಳಿ 1959ರಲ್ಲಿ ಸ್ಥಾಪನೆಯಾದ ಸೌತ್ ಇಂಡಿಯಾ ಪೇಪರ್ ಮಿಲ್ಸ್ ಕಂದು ಬಣ್ಣದ ಕ್ರಾಫ್ಟ್ ಕಾಗದಕ್ಕೂ ಅದರಿಂದಾಗುವ ಪೆಟ್ಟಿಗೆಗಳಿಗೂ ಹೆಸರಾದದ್ದು. ಸುತ್ತಲಿನ ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಪುಡಿಯಿಂದ ಔಷಧಿಯವರೆಗೆ ಎಲ್ಲವೂ ಪೆಟ್ಟಿಗೆಯಲ್ಲೇ ಲಾರಿ ಹತ್ತುತ್ತದೆ. ಇಂಥ ಪೆಟ್ಟಿಗೆಗಳ ಮೇಲಿನ ಅಚ್ಚಿಗೆ ಜಗತ್ತಿನೆಲ್ಲೆಡೆ ಬಳಸುವುದು ಬಹುಮಟ್ಟಿಗೆ ನೀರಿನ ಮಸಿಯನ್ನು. ಎಣ್ಣೆಯ ವಾಸನೆಯಿಲ್ಲ, ಬೆಂಕಿಯ ಭಯವಿಲ್ಲ. ಆದರೆ ಹದ ಮತ್ತು ಹುಳಿ ಎರಡೂ ಒಂದಕ್ಕೊಂದು ಗಂಟುಬಿದ್ದಿರುವುದು ಈ ಮಸಿಯಲ್ಲೇ.

ಇದರಲ್ಲಿರುವ ಅಂಟು ಒಂದು ಬಗೆಯ ಅಕ್ರಿಲಿಕ್ ರಾಳ. ಶುದ್ಧ ನೀರಿನಲ್ಲಿ ಅದು ಕರಗದು. ಅಮೋನಿಯಾ ಅಥವಾ ಅದರ ದಾಯಾದಿ ಅಮೈನುಗಳನ್ನು ಸೇರಿಸಿ ನೀರನ್ನು ಕ್ಷಾರಗೊಳಿಸಿದರೆ ಕರಗುತ್ತದೆ. ಪಿಎಚ್ 8.5ರಿಂದ 9.5ರೊಳಗೆ ಇದ್ದಷ್ಟು ಹೊತ್ತು ಎಲ್ಲವೂ ಸುಸೂತ್ರ. ಕಾಗದದ ಮೇಲೆ ಬಿದ್ದಾಗ ಅಮೋನಿಯಾ ಆವಿಯಾಗಿ, ನೀರು ಇಂಗಿ, ರಾಳ ಮತ್ತೆ ಕರಗದ ಸ್ಥಿತಿಗೆ ಬಂದು ಬಣ್ಣವನ್ನು ಕಚ್ಚಿಕೊಳ್ಳುತ್ತದೆ. ಉಪಾಯವೇನೋ ಸೊಗಸು. ತೊಡಕೆಂದರೆ, ಅಮೋನಿಯಾ ಕಾಗದದ ಮೇಲೆ ಮಾತ್ರ ಆವಿಯಾಗಬೇಕೆಂದು ಕಟ್ಟುಪಾಡಿಲ್ಲ. ತೆರೆದ ತೊಟ್ಟಿಯಿಂದಲೂ, ಉರುಳುವ ರೋಲರ್‌ನಿಂದಲೂ ಅದು ಹಾರಿಹೋಗುತ್ತಲೇ ಇರುತ್ತದೆ. ಪಿಎಚ್ ಇಳಿಯುತ್ತದೆ, ಮಸಿ ಮಂದವಾಗುತ್ತದೆ, ಪ್ಲೇಟಿನ ಅಕ್ಷರಗಳ ಸಂದಿಯಲ್ಲಿ ಒಣಗಿ ಗಸಿ ಕಟ್ಟುತ್ತದೆ, ಬಣ್ಣ ಮೊದಲಿಗಿಂತ ಗಾಢವಾಗಿ ಕೊಳಕಾಗಿ ಕಾಣುತ್ತದೆ.

ಹೊಸಬ ಇಲ್ಲಿ ಮಾಡುವ ತಪ್ಪು ಎಲ್ಲ 	ಕಡೆಯೂ ಒಂದೇ. ಮಸಿ ಗಟ್ಟಿಯಾಯಿತೆಂದು ನೀರು ಸುರಿಯುತ್ತಾನೆ. ಹದವೇನೋ ಸಡಿಲವಾಗುತ್ತದೆ, ಪಿಎಚ್ ಮಾತ್ರ ಮೇಲೇರುವುದಿಲ್ಲ. ಜೊತೆಗೆ ಬಣ್ಣದ ಪ್ರಮಾಣ ಕುಗ್ಗಿ ಬೆಳಗಿನ ಕೆಂಪು ಮಧ್ಯಾಹ್ನಕ್ಕೆ ಗುಲಾಬಿಯಾಗುತ್ತದೆ. ಬೇಕಾಗಿದ್ದದ್ದು ನೀರಲ್ಲ, ಹಾರಿಹೋದ ಅಮೈನು. ಅದನ್ನೂ ಅತಿಯಾಗಿ ಹಾಕಿದರೆ ಮಸಿ ಬೇಗ ಒಣಗದೆ ಒಂದು ಪೆಟ್ಟಿಗೆಯ ಅಚ್ಚು ಇನ್ನೊಂದರ ಬೆನ್ನಿಗೆ ಅಂಟುತ್ತದೆ. ಅನುಭವಿ ಕೆಲಸಗಾರ ಮೊದಲು ಪಿಎಚ್ ನೋಡುತ್ತಾನೆ, ಅದನ್ನು ಸರಿಪಡಿಸುತ್ತಾನೆ, ಆಮೇಲೆ ಹದಕ್ಕೆ ಕೈಹಾಕುತ್ತಾನೆ. ಹದ ಅಳೆಯಲು ಇರುವ ಸಾಧನ ತೀರ ಸರಳ: ತಳದಲ್ಲಿ ತೂತಿರುವ ಸಣ್ಣ ಲೋಹದ ಲೋಟ. ಮಸಿಯಲ್ಲಿ ಮುಳುಗಿಸಿ ಮೇಲೆತ್ತಿ, ಧಾರೆ ಕಡಿಯುವವರೆಗೆ ಎಷ್ಟು ಸೆಕೆಂಡ್ ಎಂದು ಎಣಿಸುವುದು. ಪೆಟ್ಟಿಗೆಯ ಕೆಲಸಕ್ಕೆ ಬಹುವಾಗಿ 20, 30 ಸೆಕೆಂಡಿನ ಲೆಕ್ಕ. ಒಂದು ಕಂಪನಿಯ ಗುರುತಿನ ಕೆಂಪು ಇಂದಿನ ಲಾರಿಯಲ್ಲಿ ಒಂದು ಬಗೆ, ನಾಳಿನ ಲಾರಿಯಲ್ಲಿ ಇನ್ನೊಂದು ಬಗೆಯಾದರೆ ಸರಕು ವಾಪಸು ಬರುತ್ತದೆ. ಹಾಗಾಗಿ ಆ ಲೋಟದ ಬೆಲೆಗೂ ಅದರ ಮಹತ್ವಕ್ಕೂ ಸಂಬಂಧವಿಲ್ಲ.

ಜಾತ್ರೆ, ಚುನಾವಣೆಗಳಲ್ಲಿ ಊರ ಬಾಗಿಲಿಗೆ ಏಳುವ ಇಂಕ್‌ಜೆಟ್ ಬ್ಯಾನರುಗಳದು ಇನ್ನೊಂದು ಕತೆ. ಕೂದಲಿಗಿಂತ ಸಣ್ಣ ರಂಧ್ರದಿಂದ ಚಿಮ್ಮಬೇಕಾದ ಮಸಿ ನೀರಿನಷ್ಟೇ ತೆಳು. ನೀರಿನ ಇಂಕ್‌ಜೆಟ್ ಮಸಿಯಲ್ಲಿ ಪಿಎಚ್ ಕೆಳಗಿಳಿದರೆ ಬಣ್ಣದ ಕಣಗಳು ಗುಂಪುಗೂಡಿ ರಂಧ್ರ ಮುಚ್ಚುತ್ತವೆ. ಬ್ಯಾನರಿನ ಮಸಿಯಲ್ಲಿ ದ್ರಾವಕ ಬೇಗ ಆರಿದರೂ ಅದೇ ಗತಿ. ಒಂದೇ ಒಂದು ರಂಧ್ರ ಮುಚ್ಚಿದರೂ ಸಾಕು, ಶುಭಾಶಯ ಕೋರುವ ಮುಖಂಡರ ಹಣೆಯ ಮೇಲೆ ಅಡ್ಡಲಾಗಿ ಬಿಳಿ ಗೆರೆ ಬೀಳುತ್ತದೆ.

ಮೈಸೂರಿಗೂ ಮಸಿಗೂ ಇರುವ ನಂಟು ಹಳೆಯದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1937ರಲ್ಲಿ ಹುಟ್ಟಿದ ಅರಗು ಮತ್ತು ಬಣ್ಣದ ಕಾರ್ಖಾನೆ, ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಒದಗಿಸುತ್ತಿದೆ. ಅದು ಅಚ್ಚಿನ ಮಸಿಯಲ್ಲ. ಬೆಳ್ಳಿಯ ನೈಟ್ರೇಟು ಚರ್ಮದ ಮೇಲೆ ಬೆಳಕಿಗೆ ಕಪ್ಪಾಗುವ ಆಟ. ಅಚ್ಚಿನ ಮಸಿಯ ಅತ್ಯಂತ ಕಠಿಣ ಕೆಲಸ ನಡೆಯುವುದು ಅದೇ ಊರಿನ ಇನ್ನೊಂದು ಕಡೆ, 1996ರಲ್ಲಿ ಆರಂಭವಾದ ನೋಟು ಮುದ್ರಣಾಲಯದಲ್ಲಿ.

ನೋಟಿನ ಹಿನ್ನೆಲೆಯ ತಿಳಿ ಬಣ್ಣಗಳು ಆಫ್‌ಸೆಟ್‌ನವು. ಬೆರಳಿಗೆ ಉಬ್ಬಾಗಿ ತಗಲುವ ಗಾಂಧೀಜಿಯ ಚಿತ್ರ ಮಾತ್ರ ‘ಇಂಟಾಗ್ಲಿಯೊ’ ಎಂಬ ವಿಧಾನದ್ದು. ಇಲ್ಲಿ ಲೋಹದ ಪ್ಲೇಟಿನಲ್ಲಿ ಗೆರೆಗಳನ್ನು ಆಳವಾಗಿ ಕೊರೆದಿರುತ್ತಾರೆ. ಓಲೆಗರಿಯ ಗೀರಿಗೆ ಕಾಡಿಗೆ ತುಂಬಿ ಮೇಲ್ಭಾಗ ಒರೆಸುತ್ತಿದ್ದ ತತ್ವವೇ ಇದರದೂ. ಮಸಿ ಎಷ್ಟು ಮಂದವೆಂದರೆ ಹರಿಯಲಿ ಎಂದು ಪ್ಲೇಟನ್ನು ಬಿಸಿ ಮಾಡಬೇಕು, ಕಾಗದದ ಮೇಲೆ ಟನ್ನುಗಟ್ಟಲೆ ಒತ್ತಡ ಹಾಕಬೇಕು. ಮಸಿ ತೆಳುವಾದರೆ ಗೆರೆ ಚಪ್ಪಟೆಯಾಗುತ್ತದೆ, ಉಬ್ಬು ಬಾರದು. ಉಬ್ಬಿಲ್ಲದ ನೋಟನ್ನು ಜನ ಖೋಟಾ ಎಂದೇ ಅನುಮಾನಿಸುತ್ತಾರೆ. ಮೇಲ್ಭಾಗದ ಹೆಚ್ಚುವರಿ ಮಸಿಯನ್ನು ತೊಡೆಯುವ ರೋಲರ್ ಅನ್ನು ಕಾಸ್ಟಿಕ್ ಸೋಡಾ ಬೆರೆಸಿದ ತೀವ್ರ ಕ್ಷಾರದ ನೀರು ತೊಳೆಯುತ್ತಿರುತ್ತದೆ. ರೋಲರ್ ಮೇಲಿನ ಮಸಿ ಆ ನೀರಿಗೆ ಬಿಟ್ಟುಕೊಳ್ಳಬೇಕು. ಅದೇ ಮಸಿ ನೋಟಿನ ಮೇಲೆ ಒಣಗಿದ ನಂತರ, ಅಂಗಿಯ ಜೇಬಿನಲ್ಲಿ ಮರೆತುಹೋಗಿ ಸಾಬೂನಿನ ನೀರಿನಲ್ಲಿ ನೆನೆದರೂ ಬಿಟ್ಟುಕೊಳ್ಳಬಾರದು! ಒಂದೇ ಮಸಿಯಿಂದ ಇಂಥ ಎರಡು ತದ್ವಿರುದ್ಧ ನಡತೆಗಳನ್ನು ನಿರೀಕ್ಷಿಸುವ ಬೇರೆ ಉದ್ಯೋಗ ಕಾಣುವುದು ಕಷ್ಟ.

ಈ ಮಸಿಯನ್ನು ಇಲ್ಲಿಯೇ ತಯಾರಿಸಲೆಂದು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಮೈಸೂರಿನಲ್ಲಿ ಕಟ್ಟಿದ ‘ವರ್ಣಿಕಾ’ ಘಟಕ 2022ರ ಮಾರ್ಚ್ 28ರಂದು ಲೋಕಾರ್ಪಣೆಯಾಯಿತು. ಅದರ ಸಾಮರ್ಥ್ಯ ವರ್ಷಕ್ಕೆ 1,500 ಟನ್. ಅಲ್ಲಿ ತಯಾರಾಗುವ ಮಸಿಗಳಲ್ಲಿ ನೋಡುವ ಕೋನಕ್ಕೆ ತಕ್ಕಂತೆ ಬಣ್ಣ ಬದಲಿಸುವ ಇಂಟಾಗ್ಲಿಯೊ ಮಸಿಯೂ ಒಂದು. ಇಂಥ ಬಣ್ಣ ಬದಲಾವಣೆಗೆ ಹುಳಿಯೂ ಬೇಡ, ಸುಣ್ಣವೂ ಬೇಡ. ಮಸಿಯೊಳಗಿನ ಅತಿ ತೆಳುವಾದ ಪದರದ ಚಕ್ಕೆಗಳು ಬೆಳಕನ್ನು ಒಂದೊಂದು ಕೋನದಲ್ಲಿ ಒಂದೊಂದು ಬಣ್ಣವಾಗಿ ಹಿಂದಿರುಗಿಸುತ್ತವೆ. ಆದರೆ ಆ ಚಕ್ಕೆಗಳೆಲ್ಲ ಕಾಗದಕ್ಕೆ ಸಮಾಂತರವಾಗಿ ಮಲಗಿದರೆ ಮಾತ್ರ ಬಣ್ಣ ಹೊಳೆಯುತ್ತದೆ. ಅವು ಹಾಗೆ ಮಲಗಲು, ಒಣಗುವ ಮುನ್ನ ಮಸಿ ಒಂದು ಕ್ಷಣದ ಮಟ್ಟಿಗಾದರೂ ಅವಕ್ಕೆ ಹೊರಳಲು ಎಡೆ ಕೊಡುವ ಹದದಲ್ಲಿರಬೇಕು. 500 ರೂಪಾಯಿಯ ನೋಟಿನ ಮುಂಭಾಗದಲ್ಲಿ, ಬಲಗಡೆ ಕೆಳಗೆ, ರೂಪಾಯಿ ಚಿಹ್ನೆಯ ಜೊತೆಗಿರುವ ಅಂಕಿಯನ್ನು ನೇರ ಹಿಡಿದು ನೋಡಿದರೆ ಹಸಿರು, ತುಸು ಓರೆ ಮಾಡಿದರೆ ನೀಲಿ.